ಅಜ್ಜಿಯ ಶುಭೋದಯ, ಮೊಮ್ಮಗಳ ಸ್ಟೋರಿ

ಬೆಳಗಿನ ಐದೂವರೆಗೆಲ್ಲ ಶುರುವಾಗುತ್ತದೆ. ಸೋಮವಾರವಾದರೆ ಶಿವ, ಗುರುವಾರ ರಾಯರು, ಶನಿವಾರ ಆಂಜನೇಯ. ಉಳಿದ ದಿನಗಳಿಗೆ ಇಬ್ಬನಿ ಹೊತ್ತ ಗುಲಾಬಿ, ಹಬೆಯಾಡುವ ಕಾಫಿ ಲೋಟ, ಬೆಟ್ಟದ ಹಿಂದಿನಿಂದ ಏಳುವ ಸೂರ್ಯ. ಮೇಲೆ ದಪ್ಪಕ್ಷರದಲ್ಲಿ ‘ಶುಭೋದಯ’. ಅರವತ್ತು ದಾಟಿದವರೊಬ್ಬರು ಇದ್ದರೆ ಸಾಕು, ಆ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇದು ತಪ್ಪುವುದಿಲ್ಲ. 2018ರ ಆರಂಭದಲ್ಲಿ ಒಂದು ಸುದ್ದಿ ಬಂದಿತ್ತು. ಭಾರತದ ಫೋನುಗಳು ಇಷ್ಟು ಬೇಗ ತುಂಬಿಹೋಗುವುದೇಕೆ ಎಂದು ಹುಡುಕುತ್ತ ಹೊರಟ ಗೂಗಲ್‌ನವರಿಗೆ ಕೊನೆಗೆ ಸಿಕ್ಕಿದ್ದು ಈ ಬೆಳಗಿನ ಶುಭಾಶಯದ ಚಿತ್ರಗಳಂತೆ. ಅವನ್ನು ಗುರುತಿಸಿ ಒಟ್ಟಿಗೆ ಅಳಿಸುವ ಏರ್ಪಾಡನ್ನು ಕಂಪನಿ ತನ್ನ ‘ಫೈಲ್ಸ್ ಗೋ’ ಆ್ಯಪಿನಲ್ಲಿ ಮಾಡಿಕೊಟ್ಟಿತು.

ಮನೆಯ ಚಿಕ್ಕವರು ಈ ಚಿತ್ರಗಳನ್ನು ಕಂಡರೆ ಮೂಗು ಮುರಿಯುತ್ತಾರೆ. ಗ್ರೂಪನ್ನು ಮ್ಯೂಟ್ ಮಾಡಿಟ್ಟು ಆಗಾಗ ಗ್ಯಾಲರಿ ಖಾಲಿ ಮಾಡುತ್ತಾರೆ. ನನಗೆ ಮಾತ್ರ ಅವುಗಳಲ್ಲಿ ಹಳೆಯ ಕಾಗದಗಳು ಕಾಣುತ್ತವೆ. ಇನ್‌ಲ್ಯಾಂಡ್ ಲೆಟರಿನ ನೆತ್ತಿಯ ಮೇಲೆ ‘ಶ್ರೀ’, ಎಡಕ್ಕೆ ‘ಕ್ಷೇಮ’, ಆಮೇಲೆ ‘ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು’, ‘ಉಭಯ ಕುಶಲೋಪರಿ ಸಾಂಪ್ರತ’. ಅರ್ಧ ಪುಟ ಇದರಲ್ಲೇ ಮುಗಿಯುತ್ತಿತ್ತು. ಆ ಸಾಲುಗಳಲ್ಲಿ ಹೊಸ ಸುದ್ದಿ ಇಲ್ಲವೆಂದು ಯಾರೂ ದೂರುತ್ತಿರಲಿಲ್ಲ. ಬರೆದವರು ಬದುಕಿದ್ದಾರೆ, ಚೆನ್ನಾಗಿದ್ದಾರೆ, ನಮ್ಮನ್ನು ನೆನೆದಿದ್ದಾರೆ ಎಂಬುದಷ್ಟೇ ಅವುಗಳ ಸುದ್ದಿ. ಶುಭೋದಯದ ಗುಲಾಬಿ ಮಾಡುತ್ತಿರುವುದೂ ಇದೇ ಕೆಲಸ. ಒಂಟಿಯಾಗಿರುವ ನಿವೃತ್ತರ ಗೆಳೆಯರ ಗುಂಪುಗಳಲ್ಲಿ ಇದಕ್ಕೆ ಇನ್ನೂ ಗಟ್ಟಿಯಾದ ಉಪಯೋಗವಿದೆ. ದಿನಾ ಕಳಿಸುವವರು ಎರಡು ದಿನ ಕಳಿಸದಿದ್ದರೆ ಯಾರಾದರೂ ಫೋನು ಮಾಡುತ್ತಾರೆ, ಇಲ್ಲವೇ ಮನೆಗೇ ಹೋಗಿ ಬಾಗಿಲು ತಟ್ಟುತ್ತಾರೆ.

ಹೊಸನಗರದ ಕಡೆಯ ತಾಯಿಯೊಬ್ಬರು ನನಗೆ ಗೊತ್ತು. ಮಗ ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಬೆಳಗಾದರೆ ಅಲ್ಲಿ ಹಿಂದಿನ ದಿನದ ಸಂಜೆ. ಅವರು ಕಳಿಸುವ ದೇವರ ಚಿತ್ರಕ್ಕೆ ಮಗ ಉತ್ತರ ಬರೆಯುವುದು ಅಪರೂಪ. ಅವರಿಗೆ ಅದರ ಬೇಸರವಿಲ್ಲ. ಚಿತ್ರದ ಕೆಳಗಿನ ಎರಡು ಗೀಟು ನೀಲಿಯಾಗುವುದನ್ನು ಕಾಯುತ್ತಾರೆ. ನೀಲಿಯಾದರೆ, ‘ಕೆಲಸ ಮುಗಿಸ್ಕಂಡು ಮನೆಗೆ ಬಂದ ಅಂತ ಕಾಣ್ತದೆ’ ಎಂದು ಕಾಫಿಗೆ ನೀರಿಡುತ್ತಾರೆ. 2014ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಈ ನೀಲಿ ಗುರುತನ್ನು ತಂದಾಗ, ತಾವು ಸಂದೇಶ ಓದಿದ್ದು ಬೇರೆಯವರಿಗೆ ಗೊತ್ತಾಗುತ್ತದೆಂದು ಎಷ್ಟೋ ಯುವಕರು ಸಿಟ್ಟಾಗಿದ್ದರು. ಅದನ್ನು ಆರಿಸಿಡುವ ಆಯ್ಕೆಯನ್ನೂ ಕಂಪನಿ ಕೊಟ್ಟಿತು. ಮಗನಿಗೆ ಕಾವಲಿನಂತೆ ಕಾಣುವ ಗೀಟು ತಾಯಿಗೆ ಮಗನ ಹೆಜ್ಜೆ ಸಪ್ಪಳ.

ತಲೆಮಾರುಗಳ ಇಂಟರ್ನೆಟ್ ಬಳಕೆಯ ಮಾತು ಬಂದೊಡನೆ, ‘ಹಿರಿಯರಿಗೆ ಬರುವುದಿಲ್ಲ, ಕಿರಿಯರಿಗೆ ಹುಟ್ಟುತ್ತಲೇ ಬರುತ್ತದೆ’ ಎಂದು ಮುಗಿಸಿಬಿಡುವುದು ರೂಢಿ. ನಾನು ಇದನ್ನು ಒಪ್ಪುವುದಿಲ್ಲ. ತರಕಾರಿ ಮಾರುವ ಎಪ್ಪತ್ತರ ಅಜ್ಜಿ ಕ್ಯೂಆರ್ ಕೋಡ್ ಇಟ್ಟುಕೊಂಡು ವ್ಯಾಪಾರ ಮಾಡುತ್ತಾಳೆ. ರೀಲ್ಸ್ ಎಡಿಟ್ ಮಾಡುವ ಹುಡುಗನಿಗೆ ಬ್ಯಾಂಕಿಗೆ ಒಂದು ಇ-ಮೇಲ್ ಬರೆಯಲು ಕೈ ಓಡುವುದಿಲ್ಲ. ಬಳಕೆ ಬೇರೆಯಾಗಲು ಕಾರಣ ಬೇರೆ. ಫೋನಿನ ಆ ಬದಿಯಲ್ಲಿ ಯಾರಿದ್ದಾರೆ ಎಂಬ ಕಲ್ಪನೆಯೇ ಒಂದೊಂದು ತಲೆಮಾರಿಗೆ ಒಂದೊಂದು. ಅಜ್ಜಿಯ ಪಾಲಿಗೆ ಅಲ್ಲಿರುವುದು ಒಬ್ಬ ಗುರುತಿನ ಮನುಷ್ಯ. ಅಪ್ಪ-ಅಮ್ಮನ ಪಾಲಿಗೆ ಬಂಧುಬಳಗ, ಸಹೋದ್ಯೋಗಿಗಳು, ಹಳೆಯ ಕ್ಲಾಸ್‌ಮೇಟುಗಳೆಲ್ಲ ಕೂತ ಒಂದು ಮದುವೆ ಮಂಟಪ. ಮೊಮ್ಮಗಳ ಪಾಲಿಗೆ ಯಾರು ಯಾರು ಇದ್ದಾರೆಂದು ಹೇಳಲಾಗದ ಕತ್ತಲೆಯ ಸಭಾಂಗಣ. ಮೂವರ ನಡೆನುಡಿ, ಮೂವರ ಭಯ, ಮೂವರೂ ಮೋಸ ಹೋಗುವ ಬಗೆ ಎಲ್ಲವೂ ಇಲ್ಲಿಂದಲೇ ಹುಟ್ಟುತ್ತವೆ.

ಎಪ್ಪತ್ತು ಅಕ್ಷರದ ಕನ್ನಡ

ಈಗ ನಲವತ್ತರ ಆಚೀಚೆ ಇರುವವರು ಇಂಟರ್ನೆಟ್ಟನ್ನು ಮೊದಲು ಕಂಡಿದ್ದು ಮನೆಯ ಹೊರಗೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಆರಂಭಿಸಿತು. ಮರುವರ್ಷ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆದದ್ದು ಸೈಬರ್ ಕೆಫೆಯಾಗಿ. ಕಾಫಿಯ ಜೊತೆ ಕಂಪ್ಯೂಟರಿನ ಮುಂದೆ ಗಂಟೆಯ ಲೆಕ್ಕದಲ್ಲಿ ಕೂರಬಹುದಿತ್ತು. ಆಮೇಲೆ ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡ್ ಎದುರು, ಜೆರಾಕ್ಸ್ ಅಂಗಡಿಯ ಒಳಗೆ, ಪ್ಲೈವುಡ್ ಗೂಡುಗಳ ಸೈಬರ್ ಸೆಂಟರ್‌ಗಳು ಬಂದವು. ಪಿಯುಸಿ ಫಲಿತಾಂಶದ ದಿನ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಒಳಹೋದ ಹೊತ್ತು, ಹೊರಬಂದ ಹೊತ್ತು ಬರೆಯಬೇಕು. ಅರ್ಧ ಗಂಟೆ ಮುಗಿಯಿತೆಂದು ಹುಡುಗ ಬಂದು ಬೆನ್ನು ತಟ್ಟುತ್ತಿದ್ದ. ಅಂದರೆ ಇಂಟರ್ನೆಟ್ ಎಂಬುದು ಹೋಗಿ ಬರುವ ಊರಾಗಿತ್ತು. ಅದಕ್ಕೊಂದು ಬಾಗಿಲಿತ್ತು, ಮುಚ್ಚುವ ವೇಳೆಯೂ ಇತ್ತು. ಈಗಿನ ಹದಿನಾರರ ಹುಡುಗಿಗೆ ಈ ಅನುಭವವನ್ನು ವಿವರಿಸುವುದು ಕಷ್ಟ. ಅವಳು ಹುಟ್ಟಿದ್ದೇ ಆ ಊರಿನೊಳಗೆ.

2004ರ ಜನವರಿಯಲ್ಲಿ ಬಂದ ಆರ್ಕುಟ್, ಈ ನಡುವಯಸ್ಕರ ಮೊದಲ ಜಗಲಿ. ಸ್ಕ್ರ್ಯಾಪ್ ಬರೆಯುವುದು, ಗೆಳೆಯರ ಬಗ್ಗೆ ಟೆಸ್ಟಿಮೋನಿಯಲ್ ಬರೆಯುವುದು, ಊರಿನ ಹೆಸರಿನಲ್ಲಿ ಕಮ್ಯೂನಿಟಿ ಕಟ್ಟುವುದು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಅಷ್ಟರೊಳಗೆ ಎಲ್ಲರೂ ಫೇಸ್‌ಬುಕ್‌ಗೆ ಗಂಟುಮೂಟೆ ಕಟ್ಟಿಯಾಗಿತ್ತು.

ಈ ತಲೆಮಾರಿನ ಒಂದು ಅಭ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದರ ಫಲವನ್ನು ಇವತ್ತಿಗೂ ಮನೆಮನೆ ಉಣ್ಣುತ್ತಿದೆ. ಅದು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸ. ಕಂಪ್ಯೂಟರಿನಲ್ಲಿ ಕನ್ನಡ ಆಗಲೇ ಇತ್ತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲೇ ಬಂದಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಮೇಲೆ ನಿಂತ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಹೋಗಿತ್ತು. ಆದರೆ ಜನ ಬರೆಯುತ್ತಿದ್ದದ್ದು ಫೋನಿನಲ್ಲಿ. ಎಸ್‌ಎಂಎಸ್ ಎಂಬುದು ಇಂಗ್ಲಿಷ್ ಅಕ್ಷರಗಳಾದರೆ 160 ಹಿಡಿಸುತ್ತಿತ್ತು, ಕನ್ನಡ ಲಿಪಿಯಾದರೆ 70 ಮಾತ್ರ. ಆ ಎಪ್ಪತ್ತರಲ್ಲಿ ಕೊಂಬು, ದೀರ್ಘ, ಒತ್ತು ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ. ಕಷ್ಟಪಟ್ಟು ಕಳಿಸಿದರೂ ಆ ಕಡೆಯ ಫೋನಿನಲ್ಲಿ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿತ್ತು. ಆ್ಯಂಡ್ರಾಯ್ಡ್ ಫೋನುಗಳಿಗೆ ಕನ್ನಡ ಸರಿಯಾಗಿ ತೋರಿಸುವ ಅನುಕೂಲ ಬಂದದ್ದು 2012ರಲ್ಲಿ, 4.1ನೇ ಆವೃತ್ತಿಯೊಂದಿಗೆ. ಅಲ್ಲಿಯವರೆಗೆ ಪ್ರೀತಿ, ಜಗಳ, ಸಾಲದ ಲೆಕ್ಕ, ‘ಬಸ್ ಹತ್ತಿದೆ’ ಎಂಬ ಸುದ್ದಿ ಎಲ್ಲವೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲೇ ನಡೆದವು. ಅನಿವಾರ್ಯವಾಗಿ ಶುರುವಾದದ್ದು ಕೈರೂಢಿಯಾಯಿತು. ಕೈರೂಢಿ ಮಕ್ಕಳಿಗೂ ಹೋಯಿತು.

ಇದರಿಂದ ಏನಾಗಿದೆ ಎಂಬುದನ್ನು ನಮ್ಮ ನೆಂಟರ ಮನೆಯೊಂದರಲ್ಲಿ ಹತ್ತಿರದಿಂದ ನೋಡಿದ್ದೇನೆ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿರುವ ಅಜ್ಜಿ ನಾಲ್ಕನೇ ಕ್ಲಾಸು ಓದಿದವರು. ಕನ್ನಡಕ ಏರಿಸಿ ಕೂತರೆ ವಾರಪತ್ರಿಕೆಯ ಧಾರಾವಾಹಿಯಿಂದ ಹಿಡಿದು ಜಾಹೀರಾತಿನವರೆಗೆ ಒಂದಕ್ಷರ ಬಿಡುವುದಿಲ್ಲ. ಮೊಮ್ಮಗಳು ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಮನೆಮಾತು ಚೊಕ್ಕ ಕನ್ನಡ, ಆದರೆ ಕನ್ನಡ ಓದುವುದೆಂದರೆ ಅಕ್ಷರ ಕೂಡಿಸಿಕೊಂಡು ನಿಧಾನ. ಅವಳು ಪ್ರೀತಿಯಿಂದ ದಿನಾ ರಾತ್ರಿ ‘ಅಜ್ಜಿ ಊಟ ಆಯ್ತಾ’ ಎಂದು ಕಳಿಸುತ್ತಾಳೆ, ಇಂಗ್ಲಿಷ್ ಅಕ್ಷರದಲ್ಲಿ. ಅಜ್ಜಿಗೆ ಅದನ್ನು ಓದಲು ಬರುವುದಿಲ್ಲ. ಮಗ ತೋಟದಿಂದ ಬರುವವರೆಗೆ ಆ ಮೂರು ಪದ ಫೋನಿನಲ್ಲಿ ಹಾಗೇ ಕೂತಿರುತ್ತವೆ. ಅಜ್ಜಿ ಒಂದೊಂದೇ ಅಕ್ಷರ ಒತ್ತಿ ಕನ್ನಡದಲ್ಲಿ ಬರೆದರೆ, ಅದನ್ನು ಮೊಮ್ಮಗಳು ಬಸ್ಸಿನಲ್ಲಿ ಓದುವಷ್ಟರಲ್ಲಿ ಎರಡು ಸ್ಟಾಪು ದಾಟಿರುತ್ತದೆ. ಒಂದೇ ಮಾತು, ಒಂದೇ ರಕ್ತ, ಕೈಯಲ್ಲಿ ಒಂದೇ ಥರದ ಫೋನು. ಆದರೂ ಒಬ್ಬರ ಕನ್ನಡ ಇನ್ನೊಬ್ಬರಿಗೆ ಓದಲಾಗದು.

ಇವರಿಬ್ಬರನ್ನು ಉಳಿಸಿದ್ದು ಧ್ವನಿ ಸಂದೇಶ. ವಾಟ್ಸ್‌ಆ್ಯಪ್ ಅದನ್ನು 2013ರಲ್ಲಿ ತಂದಿತು. ಅಜ್ಜಿ ಫೋನನ್ನು ತುಟಿಯ ಹತ್ತಿರ ಹಿಡಿದು, ಟ್ರಂಕ್ ಕಾಲ್ ಕಾಲದ ಎತ್ತರದ ಧ್ವನಿಯಲ್ಲಿ ಹೇಳುತ್ತಾರೆ: ‘ಪುಟ್ಟೀ, ಇಲ್ಲಿ ಮಳೆ ಹಿಡ್ಕಂಡಿದೆ. ಅಲ್ಲೂ ಬಂದೀತು. ಕೊಡೆ ತಗಂಡೇ ಹೋಗು ಮಾರಾಯ್ತಿ. ಕೆಂಪಿ ಕರು ಹಾಕಿದೆ, ಹೆಣ್ಣುಕರು...’ ಹೀಗೆ ಮೂರು ನಿಮಿಷ. ಹಿನ್ನೆಲೆಯಲ್ಲಿ ಹಂಚಿನಿಂದ ಇಳಿಯುವ ಮಳೆನೀರಿನ ಸದ್ದು, ಯಾರೋ ಬಾಗಿಲು ಹಾಕಿದ್ದು, ನಾಯಿ ಬೊಗಳಿದ್ದು ಎಲ್ಲ ಬರುತ್ತದೆ. ಮೊಮ್ಮಗಳು ಅದನ್ನು ಒಂದೂವರೆಪಟ್ಟು ವೇಗದಲ್ಲಿ ಕೇಳುತ್ತಾಳೆ. 2021ರಿಂದ ಆ ಸೌಲಭ್ಯವೂ ಇದೆ. ‘ಅಜ್ಜಿ ಫಾಸ್ಟ್ ಆದ್ರೂ ಅಜ್ಜಿ ಥರಾನೇ ಕೇಳ್ಸುತ್ತೆ’ ಎಂದಳು. ಅವಳು ಒಂದನ್ನೂ ಅಳಿಸಿಲ್ಲ.

ಜಿಯೋ ಸೇವೆ 2016ರ ಸೆಪ್ಟೆಂಬರ್ 5ರಂದು ಆರಂಭವಾಗದೆ ಹೋಗಿದ್ದರೆ ಈ ಅಜ್ಜಿಗೆ ಫೋನೇ ಬರುತ್ತಿರಲಿಲ್ಲವೇನೋ. ಅಲ್ಲಿಯವರೆಗೆ ಒಂದು ಜಿಬಿ ಡೇಟಾ ಇನ್ನೂರು ರೂಪಾಯಿಗೂ ಮೇಲಿತ್ತು. ಆಮೇಲೆ ದಿನಕ್ಕೆ ಒಂದು ಜಿಬಿ ಎಂಬ ಲೆಕ್ಕ ಬಂತು. ಇಂಗ್ಲಿಷ್ ಗೊತ್ತಿಲ್ಲದ, ಕಂಪ್ಯೂಟರ್ ಮುಟ್ಟದ, ಇ-ಮೇಲ್ ಬೇಕಿಲ್ಲದ ಕೋಟ್ಯಂತರ ಜನ ನೇರವಾಗಿ ವಾಟ್ಸ್‌ಆ್ಯಪ್ ಮತ್ತು ಯೂಟ್ಯೂಬ್‌ಗೆ ಕಾಲಿಟ್ಟರು. ಹಿರಿಯರಲ್ಲಿ ಬಹುಪಾಲು ಬಂದದ್ದು ಹೀಗೆಯೇ. ಅವರು ಆರ್ಕುಟ್ಟಿನ ತಮಾಷೆ ಕಂಡಿಲ್ಲ, ಲಾಟರಿ ಗೆದ್ದಿದ್ದೀರೆಂಬ ಇ-ಮೇಲ್ ಮೋಸಗಳ ಪಾಠ ಕಲಿತಿಲ್ಲ. ಇಪ್ಪತ್ತು ವರ್ಷದಲ್ಲಿ ನಡುವಯಸ್ಕರು ಪೆಟ್ಟು ತಿಂದು ಕಲಿತದ್ದನ್ನು ಇವರು ಕಲಿಯಲು ಸಮಯವೇ ಸಿಗಲಿಲ್ಲ. ಹಿರಿಯರ ‘ಅಜ್ಞಾನ’ವನ್ನು ಆಡಿಕೊಳ್ಳುವವರು ಈ ಇತಿಹಾಸವನ್ನು ಮರೆಯಬಾರದು.

ಹಾಗೆಂದು ಅವರ ಬಳಕೆಯೆಲ್ಲ ಶುಭೋದಯದ ಗುಲಾಬಿಯಷ್ಟೇ ಅಲ್ಲ. ದಕ್ಷಿಣ ಕನ್ನಡದ ತೋಟಿಗರು ಬೆಳಿಗ್ಗೆ ಮಳೆಮಾಪಕ ಓದಿ ಇಷ್ಟು ಮಿಲಿಮೀಟರ್ ಎಂದು ಗ್ರೂಪಿಗೆ ಹಾಕುತ್ತಾರೆ. ಅಡಿಕೆ ಧಾರಣೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹದ, ಕಾಳುಮೆಣಸಿನ ಬಳ್ಳಿ ಸೊರಗಿದ ಫೋಟೊ, ಅದಕ್ಕೆ ಮೂರು ತಾಲ್ಲೂಕಿನಾಚೆಯ ಇನ್ನೊಬ್ಬ ಕೃಷಿಕನ ಉತ್ತರ. 2020ರ ಲಾಕ್‌ಡೌನ್‌ನಲ್ಲಿ ಕಲ್ಲಂಗಡಿ, ಹಲಸು, ಮಾವು ಮನೆಬಾಗಿಲಿಗೆ ಮುಟ್ಟಿದ್ದು ಇಂಥ ಗುಂಪುಗಳ ಮೂಲಕ. ಬಯಲಾಟಕ್ಕೆ ಹೋಗಿ ನಿದ್ದೆಗೆಡಲಾಗದ ಯಕ್ಷಗಾನ ಪ್ರಿಯರು ಯೂಟ್ಯೂಬ್ ನೇರಪ್ರಸಾರದಲ್ಲಿ ಆಟ ನೋಡಿ, ಭಾಗವತರ ಪದದ ಬಗ್ಗೆ ಮರುದಿನ ಗ್ರೂಪಿನಲ್ಲಿ ವಾದಕ್ಕಿಳಿಯುತ್ತಾರೆ. ಯಾವ ಯುವಕರ ಕಾಮೆಂಟ್ ಬಾಕ್ಸಿಗಿಂತಲೂ ಅಲ್ಲಿನ ಮಾತು ತೂಕದ್ದು.

ಚುಕ್ಕಿ, ಹೆಬ್ಬೆರಳು, ತಲೆಬುರುಡೆ

ಬರೆಯುವ ರೀತಿಯಲ್ಲೇ ತಲೆಮಾರು ಗೊತ್ತಾಗುತ್ತದೆ. ದೊಡ್ಡಪ್ಪ ‘ಸರಿ....’ ಎಂದು ನಾಲ್ಕು ಚುಕ್ಕಿ ಇಟ್ಟು ಕಳಿಸುತ್ತಾರೆ. ಅವರಿಗೆ ಅದು ಮಾತಿನ ನಡುವಿನ ಉಸಿರು. ಕಾಲೇಜಿನ ಹುಡುಗ ಅದನ್ನು ಓದಿ ‘ದೊಡ್ಡಪ್ಪನಿಗೆ ಏನೋ ಬೇಜಾರಾಗಿದೆ’ ಎಂದುಕೊಳ್ಳುತ್ತಾನೆ. ಭಾಷಾತಜ್ಞೆ ಗ್ರೆಚೆನ್ ಮೆಕ್ಕಲಕ್ 2019ರ ‘ಬಿಕಾಸ್ ಇಂಟರ್ನೆಟ್’ ಪುಸ್ತಕದಲ್ಲಿ ಈ ಚುಕ್ಕಿಗಳ ಮೂಲವನ್ನು ಪೋಸ್ಟ್‌ಕಾರ್ಡಿನಂಥ ಹಳೆಯ ಬರವಣಿಗೆಯಲ್ಲಿ ಗುರುತಿಸಿದ್ದಾರೆ. ಹೆಬ್ಬೆರಳು ಎತ್ತಿದ ಚಿಹ್ನೆಯ ಗತಿಯೂ ಇದೇ. ‘ಅಪ್ಪಾ, ಇಂಟರ್ನಲ್ಸ್‌ನಲ್ಲಿ ಒಳ್ಳೇ ಮಾರ್ಕ್ಸ್ ಬಂತು’ ಎಂದರೆ ಅಪ್ಪ ಮನಸಾರೆ ಒಂದು ಹೆಬ್ಬೆರಳು ಒತ್ತುತ್ತಾರೆ. ಮಗಳಿಗೆ ಅದು ‘ಸರಿ, ಹೋಗು’ ಎಂದಂತೆ ಕೇಳುತ್ತದೆ.

ನಗುತ್ತ ಕಣ್ಣೀರು ಸುರಿಸುವ ಮುಖವನ್ನು ಆಕ್ಸ್‌ಫರ್ಡ್ ನಿಘಂಟಿನವರು 2015ರ ವರ್ಷದ ಪದವೆಂದು ಆರಿಸಿದ್ದರು. ಹತ್ತು ವರ್ಷ ಕಳೆಯುವುದರೊಳಗೆ ಹುಡುಗರಿಗೆ ಅದು ಅಂಕಲ್‌ಗಳ ನಗುವಾಯಿತು. ಅವರು ಈಗ ನಕ್ಕು ಸತ್ತೆ ಎಂಬುದಕ್ಕೆ ತಲೆಬುರುಡೆ ಹಾಕುತ್ತಾರೆ, ಇಲ್ಲವೇ ಗೊಳೋ ಎಂದು ಅಳುವ ಮುಖ. ಅದು ಕಣ್ಣಿಗೆ ಬಿದ್ದ ಅಜ್ಜಿ ಗಾಬರಿಯಾಗಿ ಫೋನು ಮಾಡಿದ ಮನೆಗಳಿವೆ.

ಇವು ಸಣ್ಣ ಗೊಂದಲಗಳು, ಎರಡು ಮಾತಿನಲ್ಲಿ ತಿಳಿಯಾಗುತ್ತವೆ. ನೋವಾಗುವುದು ಸಾವಿನ ಸುದ್ದಿಯ ಹೊತ್ತಿನಲ್ಲಿ. ಬಂಧುಗಳ ಗುಂಪಿನಲ್ಲಿ ಯಾರೋ ತೀರಿಕೊಂಡ ಸುದ್ದಿ ಬರುತ್ತದೆ. ಕೆಳಗೆ ‘ಓಂ ಶಾಂತಿ’, ಮುಗಿದ ಕೈಗಳು ಸಾಲುಸಾಲಾಗಿ ಬೀಳುತ್ತವೆ. ಚಿಕ್ಕವರಿಗೆ ಅದು ಕಾಪಿ-ಪೇಸ್ಟ್ ಎನಿಸುತ್ತದೆ. ಹಾಗಾಗಿ ಗುಂಪಿನಲ್ಲಿ ಏನೂ ಬರೆಯದೆ, ತಂದೆಯನ್ನು ಕಳೆದುಕೊಂಡ ಅಣ್ಣನಿಗೋ ಅಕ್ಕನಿಗೋ ನೇರವಾಗಿ ಸಂದೇಶ ಕಳಿಸುತ್ತಾರೆ, ರಾತ್ರಿ ಒಂದು ಗಂಟೆ ಮಾತಾಡುತ್ತಾರೆ. ದೊಡ್ಡವರಿಗೆ ಇದು ಗೊತ್ತಾಗುವುದಿಲ್ಲ. ‘ಗ್ರೂಪಲ್ಲಿ ಒಂದು ಮಾತೂ ಹಾಕಲಿಲ್ಲ’ ಎಂಬ ನೋವು ವರ್ಷಗಟ್ಟಲೆ ಉಳಿಯುತ್ತದೆ. ಸಾವಿನ ಮನೆಗೆ ಹೋಗಿ, ಏನೂ ತೋಚದೆ ಜಗಲಿಯಲ್ಲಿ ಸುಮ್ಮನೆ ಕೂತು ಬರುವ ನಮ್ಮ ಪದ್ಧತಿಯನ್ನು ಹಿರಿಯರು ಗ್ರೂಪಿಗೆ ತಂದಿದ್ದಾರೆ. ಹೋಗಿದ್ದೆವೆಂಬುದೇ ಅಲ್ಲಿ ಮುಖ್ಯ, ಏನು ಹೇಳಿದೆವೆಂಬುದಲ್ಲ. ಕಿರಿಯರು ದುಃಖವನ್ನು ಖಾಸಗಿಯೆಂದು ಗೌರವಿಸುತ್ತಿದ್ದಾರೆ. ಎರಡೂ ಕಡೆ ಮನಸ್ಸು ಒಳ್ಳೆಯದೇ ಇದೆ. ಚಿಕ್ಕವರಿಗೆ ನಾನು ಹೇಳುವುದಿಷ್ಟೇ: ಗ್ರೂಪಿನಲ್ಲೂ ಒಂದು ಸಾಲು ಹಾಕಿ.

ಹದಿಹರೆಯದವರ ಖಾಸಗಿತನ ಇನ್ನೂ ಆಳದ್ದು. ಇನ್‌ಸ್ಟಾಗ್ರಾಮಿನಲ್ಲಿ ಅವರಿಗೆ ಒಂದಲ್ಲ, ಎರಡು ಅಕೌಂಟ್. ಒಂದು ಅತ್ತೆ, ಚಿಕ್ಕಪ್ಪ, ಟ್ಯೂಷನ್ ಮೇಷ್ಟ್ರು ಎಲ್ಲರೂ ನೋಡುವಂಥದ್ದು. ಅದರಲ್ಲಿ ಗಣೇಶ ಹಬ್ಬದ ಸೀರೆಯ ಫೋಟೊ, ಶಾಲೆಯ ಬಹುಮಾನ. ಇನ್ನೊಂದು ಹತ್ತಿಪ್ಪತ್ತು ಜನ ಮಾತ್ರ ನೋಡುವ ‘ಪ್ರೈವೇಟ್’. ಅಲ್ಲಿ ಅತ್ತ ಮುಖ, ಫೇಲಾದ ಪರೀಕ್ಷೆ, ಅರ್ಧಂಬರ್ಧ ಹಾಡು. 24 ಗಂಟೆಯಲ್ಲಿ ಅಳಿಸಿಹೋಗುವ ಸ್ಟೋರಿ, ಹಸಿರು ಉಂಗುರದ ‘ಕ್ಲೋಸ್ ಫ್ರೆಂಡ್ಸ್’. ಮದುವೆ ಆಲ್ಬಮ್ ಜೋಡಿಸಿದ ಹಾಗೆ ಎಲ್ಲವನ್ನೂ ಫೇಸ್‌ಬುಕ್ಕಿನಲ್ಲಿ ಶಾಶ್ವತವಾಗಿ ಏರಿಸಿದ ಅಪ್ಪ-ಅಮ್ಮಂದಿರಿಗೆ ಇದು ಕದ್ದುಮುಚ್ಚಿ ಮಾಡುವ ವ್ಯವಹಾರದಂತೆ ತೋರುತ್ತದೆ. ಆದರೆ ಯೋಚಿಸಿ ನೋಡಿ. ಈ ಮಕ್ಕಳ ಜಾವಳದ ಫೋಟೊ, ಚಡ್ಡಿಯಲ್ಲಿ ಕುಣಿದ ವಿಡಿಯೊ, ಮಾರ್ಕ್ಸ್ ಕಾರ್ಡು ಎಲ್ಲವನ್ನೂ ಅವರನ್ನು ಕೇಳದೆ ಊರಿಗೆಲ್ಲ ಹಂಚಿದವರು ನಾವು. ತಮ್ಮದೆಂದು ಒಂದು ಮೂಲೆಯನ್ನು ಅವರು ತಾವೇ ಕಟ್ಟಿಕೊಂಡಿದ್ದಾರೆ. ಅದರ ಬೀಗ ಒಡೆಯಲು ಹೋಗುವುದು ಸರಿಯೆಂದು ನನಗೆ ಅನಿಸುವುದಿಲ್ಲ.

ಆ ಮೂಲೆಯಲ್ಲಿ ಹಳೆಯ ಕನ್ನಡ ಸಿನಿಮಾವೂ ಬೇಕಾದಷ್ಟಿದೆ. ಕನ್ನಡದ ಟ್ರೋಲ್ ಪುಟಗಳನ್ನು ನೋಡಿದರೆ, ಉಪೇಂದ್ರರ 1998-99ರ ಸಿನಿಮಾಗಳು, ಜಗ್ಗೇಶ್, ಸಾಧು ಕೋಕಿಲ, ಕಾಶಿನಾಥ್ ಅವರ ಮುಖಭಾವಗಳು ಮೀಮ್‌ಗಳಾಗಿ ಓಡಾಡುತ್ತಿರುತ್ತವೆ. ಆ ಸಿನಿಮಾ ಬಂದಾಗ ಹುಟ್ಟೇ ಇರದ ಹುಡುಗಿ ಒಂದು ಮೀಮ್ ಹಿಡಿದು ಹೋಗಿ ಇಡೀ ಸಿನಿಮಾ ನೋಡುತ್ತಾಳೆ. ಅಪ್ಪ-ಮಗಳು ಒಟ್ಟಿಗೆ ನಗುವ ಜಾಗ ಇದು. ಮನೆಗಳಲ್ಲಿ ಇನ್ನಷ್ಟು ಬಳಕೆಯಾಗಬೇಕು.

ವಯಸ್ಸೊಂದೇ ಗೆರೆಯಲ್ಲ. ದುಡ್ಡು, ಊರು, ಹೆಣ್ಣು-ಗಂಡೆಂಬ ಭೇದ ಅದಕ್ಕಿಂತ ದಪ್ಪ ಗೆರೆಗಳನ್ನು ಎಳೆದಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಪುರುಷರು ಶೇ 57, ಮಹಿಳೆಯರು ಶೇ 33. ಇಪ್ಪತ್ತರ ಹುಡುಗನಿಗೆ ಸ್ವಂತ ಫೋನು, ಅವನ ತಂಗಿಗೆ ಅಣ್ಣ ಮನೆಗೆ ಬಂದಮೇಲೆ ಅವನದೇ ಫೋನು, ಅದೂ ಎಲ್ಲರೆದುರು. ಇವರಿಬ್ಬರನ್ನೂ ಒಂದೇ ‘ಜೆನ್ ಝೀ’ ಎಂದು ಕರೆದರೆ ತಂಗಿಗೆ ಅನ್ಯಾಯ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಚಿತ್ರವೊಂದನ್ನು ದೇಶವೇ ನೋಡಿತು. ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಸುರಿವ ಮಳೆಯಲ್ಲಿ ಮಗಳು ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದರೆ, ಅಪ್ಪ ಕೊಡೆ ಹಿಡಿದು ನಿಂತಿದ್ದ. ಟಿಕ್‌ಟಾಕ್ ನಿಷೇಧವಾದ 2020ರ ಜೂನ್ 29ರ ರಾತ್ರಿ, ಹೊಲದ ಬದುವಿನ ಮೇಲೆ ಕುಣಿದು, ಜವಾರಿ ಮಾತಿನಲ್ಲಿ ನಗಿಸಿ ಹೆಸರು ಮಾಡಿದ್ದ ಉತ್ತರ ಕರ್ನಾಟಕದ ಎಷ್ಟೋ ಹುಡುಗರು ತಮ್ಮ ವೀಕ್ಷಕರನ್ನೆಲ್ಲ ಒಂದೇ ಏಟಿಗೆ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಬೆಂಗಳೂರಿನ ಶೇರ್‌ಚಾಟ್ ಕಂಪನಿಯ ‘ಮೋಜ್’ ಬಂತು. ಹಲವರು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದರು.

ನಂಬಿಕೆ ಎಂಬ ತೂತು

ಹಿರಿಯರಿಗೆ ಫೋನಿನಾಚೆ ಇರುವುದು ಗುರುತಿನ ಮನುಷ್ಯ ಎಂದೆನಲ್ಲ, ಅವರ ಶಕ್ತಿಯೂ ಅಪಾಯವೂ ಅದೇ. ಸುದ್ದಿ ನಿಜವೋ ಸುಳ್ಳೋ ಎಂದು ಅವರು ತೂಗುವುದು ಕಳಿಸಿದವರ ಮುಖ ನೋಡಿ. ‘ನಮ್ಮ ಹೆಡ್‌ಮಾಸ್ಟ್ರು ಕಳಿಸಿದ್ದು, ಸುಳ್ಳಿರುತ್ತಾ?’ ಹೆಡ್‌ಮಾಸ್ಟರಿಗೆ ಅದು ಎಲ್ಲಿಂದ ಬಂತೆಂದು ಅವರಿಗೂ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ 2016ರ ಚುನಾವಣೆಯ ಹೊತ್ತಿನ ಫೇಸ್‌ಬುಕ್ ಬಳಕೆಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 65 ದಾಟಿದವರು ಅತ್ಯಂತ ಕಿರಿಯ ವಯಸ್ಸಿನ ಗುಂಪಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳುಸುದ್ದಿ ಹಂಚಿದ್ದು ಕಂಡುಬಂದಿತ್ತು.

ಆದರೆ ಕರ್ನಾಟಕದ ಅನುಭವ ಹಿರಿಯರತ್ತ ಮಾತ್ರ ಬೆರಳು ತೋರಲು ಬಿಡುವುದಿಲ್ಲ. 2012ರ ಆಗಸ್ಟ್‌ನಲ್ಲಿ ಮೊಬೈಲ್ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಹಾಗೆ ಹೆದರಿ ಓಡಿದವರು ಬಹುತೇಕ ಯುವಜನ. ಕೇಂದ್ರ ಸರ್ಕಾರ 15 ದಿನ ಸಗಟು ಎಸ್‌ಎಂಎಸ್‌ಗೆ ತಡೆ ಹಾಕಬೇಕಾಯಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವದಂತಿಗೆ ರಾಜಸ್ಥಾನದ ಯುವಕನೊಬ್ಬ ಬಲಿಯಾದ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನಲ್ಲಿದ್ದ ಹೈದರಾಬಾದಿನ ಎಂಜಿನಿಯರೊಬ್ಬನನ್ನು ಜನ ಮಕ್ಕಳ ಕಳ್ಳನೆಂದು ಬಡಿದು ಕೊಂದರು. ತಪ್ಪಿಸಿಕೊಂಡು ಹೊರಟಿದ್ದ ಅವರ ಕಾರಿಗಿಂತ ಮೊದಲು ವಾಟ್ಸ್‌ಆ್ಯಪ್ ವಿಡಿಯೊ ಮುಂದಿನ ಊರು ತಲುಪಿತ್ತು. ಇದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು. ಸಂದೇಶದ ನೆತ್ತಿಯ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತು ಬಂದದ್ದೂ ಆಗಲೇ. ಮನೆಯ ಹಿರಿಯರಲ್ಲಿ ಎಷ್ಟು ಜನರಿಗೆ ಆ ಗುರುತಿನ ಅರ್ಥ ಹೇಳಿಕೊಟ್ಟಿದ್ದೇವೆ?

ಈಗಿನ ದೊಡ್ಡ ಪಿಡುಗು ‘ಡಿಜಿಟಲ್ ಅರೆಸ್ಟ್’. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಕರೆ ಬರುತ್ತದೆ. ವಿಡಿಯೊದಲ್ಲಿ ಖಾಕಿ ತೊಟ್ಟ ಅಧಿಕಾರಿ, ಹಿಂದೆ ಲಾಂಛನ, ಆಧಾರ್ ಸಂಖ್ಯೆ ಸಮೇತ ಗದರಿಕೆ. ‘ಯಾರಿಗೂ ಹೇಳಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ.’ ಬಾಳಿನುದ್ದಕ್ಕೂ ಠಾಣೆಯ ಮೆಟ್ಟಿಲು ಹತ್ತದೆ, ಸರ್ಕಾರಕ್ಕೆ ಅಂಜಿ ಬದುಕಿದ ನಿವೃತ್ತರು ದಿನಗಟ್ಟಲೆ ಕೋಣೆಯಲ್ಲಿ ಕೂತು, ಇಡುಗಂಟು ಮುರಿದು ಹಣ ಕಳಿಸಿದ್ದಾರೆ. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಎಚ್ಚರಿಸಿ ಹೇಳಿದರು.

ಕಿರಿಯರು ಬೀಳುವ ಹಳ್ಳ ಬೇರೆ. ಹೋಟೆಲಿಗೆ ಸ್ಟಾರ್ ಕೊಟ್ಟರೆ ದುಡ್ಡು ಎಂಬ ಟೆಲಿಗ್ರಾಮ್ ಕೆಲಸ, ಐದು ನಿಮಿಷದಲ್ಲಿ ಸಾಲ ಕೊಟ್ಟು ಆಮೇಲೆ ಫೋಟೊ ತಿರುಚಿ ಬೆದರಿಸುವ ಆ್ಯಪ್, ಅಪರಿಚಿತ ಹುಡುಗಿಯ ವಿಡಿಯೊ ಕರೆ. ಅವರು ಬಲಿಯಾಗುವುದು ನಂಬಿದ್ದಕ್ಕಿಂತ ಹೆಚ್ಚಾಗಿ ಹೇಳಿಕೊಳ್ಳಲಾರದ್ದಕ್ಕೆ. ‘ಅಪ್ಪನಿಗೆ ಗೊತ್ತಾದರೆ ಫೋನೇ ಕಿತ್ತುಕೊಳ್ತಾರೆ’ ಎಂಬ ಒಂದು ಹೆದರಿಕೆ ಬೆದರಿಸುವವನಿಗೆ ದೊಡ್ಡ ಆಸರೆ.

ನಿಷೇಧದ ಮಾತು ಎಲ್ಲೆಡೆ ಇದೆ. ಶಾಲಾ ಮಕ್ಕಳಿಗೆ ಸಾಮಾಜಿಕ ಜಾಲತಾಣ ನಿಷೇಧಿಸಿದರೆ ಒಳಿತೆಂದು 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿಚಾರಣೆಯೊಂದರ ನಡುವೆ ಮೌಖಿಕವಾಗಿ ಹೇಳಿತ್ತು. ಆಸ್ಟ್ರೇಲಿಯಾದಲ್ಲಿ 16ರೊಳಗಿನವರಿಗೆ ಅಕೌಂಟ್ ಇಲ್ಲವೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ನಮ್ಮ 2023ರ ಡೇಟಾ ರಕ್ಷಣಾ ಕಾಯ್ದೆಯೂ 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಕೊಡಬೇಕಾದ ಪೋಷಕರೇ ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡಿರುವ ಮನೆಯಲ್ಲಿ ಕಾನೂನು ಎಷ್ಟು ದೂರ ಬಂದೀತು? ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಕ್ಲಿನಿಕ್ ತೆರೆದು ಗೇಮ್, ಫೋನುಗಳ ಗೀಳಿಗೆ ಬಿದ್ದವರಿಗೆ ನೆರವಾಗುತ್ತಿದೆ. ಮಗುವಿನ ನಿದ್ದೆ, ಊಟ, ಓದು ಕೆಟ್ಟಿದ್ದರೆ ಬೈಗುಳ ನಿಲ್ಲಿಸಿ ಅಂಥ ಕಡೆಗೆ ಕರೆದೊಯ್ಯುವುದು ಮೇಲು.

ಈ ಭಾನುವಾರ ಮನೆಯವರೆಲ್ಲ ಸೇರಿದಾಗ ಅರ್ಧ ಗಂಟೆ ಫೋನುಗಳನ್ನು ನಡುವೆ ಇಟ್ಟುಕೊಂಡು ಕೂರಿ. ಮೊಮ್ಮಗಳು ಅಜ್ಜಿಯ ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪಿನ್ ಹಾಕಿಕೊಡಲಿ, ‘ಫಾರ್ವರ್ಡೆಡ್’ ಗುರುತನ್ನು ತೋರಿಸಲಿ. ಅಜ್ಜಿ ಮೊಮ್ಮಗಳಿಗೆ ಕನ್ನಡದ ಒತ್ತಕ್ಷರ ಓದಿಸಲಿ. ಮೊಮ್ಮಗಳ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿ. ಬರೆಯಲು ಬಾರದಿದ್ದರೆ ಮಾತಾಡಿದರೂ ಸಾಕು, ಗೂಗಲ್‌ನ ಕೀಬೋರ್ಡ್ 2017ರಿಂದಲೇ ಕನ್ನಡ ಮಾತನ್ನು ಅಕ್ಷರವಾಗಿಸುತ್ತಿದೆ. ಏನೇ ಆದರೂ ಫೋನು ಕಿತ್ತುಕೊಳ್ಳುವುದಿಲ್ಲ, ಮೊದಲು ನಮಗೆ ಹೇಳು ಎಂದು ಅಪ್ಪ-ಅಮ್ಮ ಮಕ್ಕಳಿಗೆ ಬಾಯಿಬಿಟ್ಟು ಹೇಳಲಿ. ಕೊನೆಗೆ ಎಲ್ಲರ ಫೋನಿನಲ್ಲೂ 1930 ಸಂಖ್ಯೆಯನ್ನು ಉಳಿಸಿಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಹೋದ ಮೊದಲ ಗಂಟೆಯೊಳಗೆ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.